ಕಪ್ಪೆಯ ಕೆಳಗೆ ಬಚ್ಚಿಟ್ಟ ಗರುಡ

ಎಲ್ಲವನ್ನೂ ಬರೆದುಕೊಳ್ಳುವವನಿಗೆ ಎಲ್ಲವೂ ತಿಳಿದಿರುತ್ತದೆ ಎಂದು ಜನ ನಂಬುತ್ತಾರೆ. ಆ ನಂಬಿಕೆಯ ಮೇಲೆಯೇ ನಾನು ಮೂವತ್ತು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ನು. ಮದುವೆಯ ಊಟಕ್ಕೆ ಹೋದರೂ ಎಲೆ ಹಾಕಿದ್ದು ಎಷ್ಟು ಗಂಟೆಗೆ ಎಂದು ಗುರುತು ಹಾಕಿಕೊಳ್ಳುವ ಚಟ. ಇದನ್ನು ನಾನು ವೃತ್ತಿಧರ್ಮ ಎನ್ನುತ್ತೇನೆ, ನನ್ನ ಹೆಂಡತಿ ರೋಗ ಎನ್ನುತ್ತಾಳೆ. ಆ ನೋಟ್‌ಬುಕ್ಕುಗಳಲ್ಲೊಂದರ ಎರಡು ಪುಟಗಳನ್ನು ಮಾತ್ರ ನಾನು ಈವರೆಗೆ ಯಾರಿಗೂ ತೋರಿಸಿಲ್ಲ. ಅವುಗಳಲ್ಲಿ ಬರೆದ ಸಂಗತಿಗಳೆಲ್ಲ ನಿಜ. ಬರೆದವನಿಗೆ ಮಾತ್ರ ಅವುಗಳಲ್ಲಿ ಒಂದೂ ಅರ್ಥವಾಗಿರಲಿಲ್ಲ.

ನಾನು ಇಂಡಿ ತಾಲ್ಲೂಕಿನವನು. ಸೊಲ್ಲಾಪುರದಲ್ಲಿ ಓದಿದ್ದರಿಂದ ಮರಾಠಿ ಕೈಗೆ ಹತ್ತಿತು, ಹೊಟ್ಟೆಯೂ ಅದರ ಮೇಲೆಯೇ ತುಂಬಿತು. ಒಂದು ಮರಾಠಿ ದಿನಪತ್ರಿಕೆಯಲ್ಲಿ, ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ ಊರು ಇನ್ನೂ ಔರಂಗಾಬಾದ್ ಆಗಿದ್ದಾಗ, ವರದಿಗಾರನಾಗಿ ಸೇರಿದೆ. ಅಲ್ಲಿನ ಮುಖ್ಯ ವರದಿಗಾರರು ಮೊದಲ ದಿನವೇ ಎರಡು ಪಾಠ ಹೇಳಿದರು. ಯಾರನ್ನೇ ಮಾತಾಡಿಸಿದರೂ ಹೆಸರು, ಅಡ್ಡಹೆಸರು, ಊರು ಮೂರನ್ನೂ ಕೇಳಬೇಕು. ಫೋನಿನಲ್ಲಿ ಬಂದ ಸುದ್ದಿಯನ್ನು ಬರೆದುಕೊಂಡ ಮೇಲೆ ಹೇಳಿದವರಿಗೇ ಗಟ್ಟಿಯಾಗಿ ಓದಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ಮೊದಲನೆಯದನ್ನು ನಾನು ಒಮ್ಮೆ ಮರೆತದ್ದಕ್ಕೆ, ಬದುಕಿರುವ ಹಿರಿಯರೊಬ್ಬರ ಭಾವಚಿತ್ರ ನಿಧನವಾರ್ತೆಯಲ್ಲಿ ಅಚ್ಚಾಯಿತು. ಮರುದಿನ ಬೆಳಿಗ್ಗೆ ಅವರೇ ಕಚೇರಿಗೆ ಬಂದು, ನನ್ನೆದುರು ಕೂತು, ಎರಡು ಕಪ್ ಚಹಾ ಕುಡಿದು, ಫೋಟೊ ಚೆನ್ನಾಗಿ ಬಂದಿದೆ ಎಂದು ಹೇಳಿ ಹೋದರು. ಆಮೇಲೆ ನಾನು ಆ ಎರಡು ಪಾಠಗಳನ್ನು ಹೊಸ ಹುಡುಗರಿಗೆಲ್ಲ ಹೇಳಿಕೊಡುವಷ್ಟು ಗಟ್ಟಿಯಾದೆ.

ಮುಂದೆ ನಾಸಿಕಕ್ಕೆ ವರ್ಗವಾಗಿ, ಸೈನ್ಯದ ನೆಲೆಯಾದ ದೇವಳಾಲಿ ಕ್ಯಾಂಪಿನಲ್ಲಿ ಮನೆ ಹಿಡಿದೆವು. ಹೊರಗೆಲ್ಲ ಮರಾಠಿ, ಹಿಂದಿ. ಕನ್ನಡ ನಮ್ಮ ಮನೆಯ ಬೀರುವಿನ ಒಳಖಾನೆಯ ಹಾಗೆ, ಬೀಗದ ಕೈ ನಮ್ಮಿಬ್ಬರ ಹತ್ತಿರ ಮಾತ್ರ. ಅದರ ಲಾಭವನ್ನು ನಾವು ಧಾರಾಳವಾಗಿ ಪಡೆದೆವು. ಪಿಂಪಳಗಾಂವ್ ಬಸವಂತ್ ಊರಿನ ಮಾರುಕಟ್ಟೆಗೆ ಹೋದಾಗ ಉಳ್ಳಾಗಡ್ಡಿ ಮಾರುವವನ ಮುಂದೆ ಮರಾಠಿಯಲ್ಲಿ ಚೌಕಾಸಿ ಮಾಡುವುದು, ಅವನೆದುರಿಗೇ ಕನ್ನಡದಲ್ಲಿ, ಇನ್ನೊಂದು ಸ್ವಲ್ಪ ಜಗ್ಗು, ಈತ ಮೆತ್ತಗದಾನ ಎಂದು ಸಮಾಲೋಚನೆ ಮಾಡುವುದು. ನಮ್ಮೂರಲ್ಲಾದರೆ ನೆಂಟರು ಬಂದಾಗ ಕದ್ದು ಮಾತಾಡಲು ಅಡುಗೆಮನೆ ಸೇರಬೇಕು. ನಾಸಿಕದಲ್ಲಿ ಆ ತೊಂದರೆ ಇರಲಿಲ್ಲ, ಊರೇ ನಮ್ಮ ಅಡುಗೆಮನೆಯಾಗಿತ್ತು. ಒಂದೇ ಕೊರತೆ ಎಂದರೆ ಮಗಳು ಮುಕ್ತಾ. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ, ಹೆಚ್ಚೆಂದರೆ ಮರಾಠಿ ಬೆರೆತ ಕನ್ನಡದಲ್ಲಿ ಬರುತ್ತಿತ್ತು. ಇಲ್ಲಿ ಬೆಳೆದ ಮಕ್ಕಳೆಲ್ಲ ಹೀಗೇ ಎಂದು ನಾನು ಎಷ್ಟೋ ಮಂದಿಯ ಮುಂದೆ ಹೇಳಿಕೊಂಡಿದ್ದೇನೆ. ಆ ಮಾತಿನ ಪೂರ್ತಿ ಅರ್ಥ ನನಗೇ ಹೊಳೆದದ್ದು ತಡವಾಗಿ.

ಮುಕ್ತಾಳಿಗೆ ಹನ್ನೊಂದು ವರ್ಷವಿದ್ದಾಗ ಕ್ಯಾಂಪಿನ ಮಕ್ಕಳಿಗೆಲ್ಲ ಕಾರ್ಡಿನ ಹುಚ್ಚು ಹಿಡಿದಿತ್ತು. ಇಸ್ಪೀಟಲ್ಲ. ಪ್ಯಾಕೆಟ್ಟಿನಲ್ಲಿ ಬರುವ, ಒಂದೊಂದರ ಮೇಲೂ ಒಂದೊಂದು ಪ್ರಾಣಿಯ ಚಿತ್ರ, ಅದರ ಬಲದ ಅಂಕಿ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದರ ವಿಶೇಷ ಶಕ್ತಿ ಇರುವ ಕಾರ್ಡುಗಳು. ಪ್ಯಾಕೆಟ್ಟಿನೊಳಗೆ ಏನಿದೆ ಎಂಬುದು ಒಡೆಯುವ ತನಕ ಯಾರಿಗೂ ಗೊತ್ತಿಲ್ಲ. ಹತ್ತರಲ್ಲಿ ಒಂಬತ್ತು ಸಲ ಕಪ್ಪೆ ಬರುತ್ತಿತ್ತು. ಒಂದು ಸಲ ಮುಕ್ತಾಳಿಗೆ ಗರುಡ ಬಂತು. ಅಲ್ಲಾಡಿಸಿದರೆ ನೀಲಿ, ಹಸಿರು, ನೇರಳೆ ಮಿಂಚುವ ಕಾರ್ಡು, ಇಡೀ ಕ್ಯಾಂಪಿಗೆ ಅದೊಂದೇ. ಅಂದಿನಿಂದ ಅವಳು ಶಾಲೆಯ ಪುಸ್ತಕಕ್ಕೆ ರಟ್ಟು ಹಾಕಿಕೊಳ್ಳದಿದ್ದರೂ ಗರುಡನಿಗೆ ಪ್ಲಾಸ್ಟಿಕ್ ಲಕೋಟೆ ಹಾಕಿದಳು. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು.

ರೈಲ್ವೆ ಸ್ಟೇಷನ್ ದಾರಿಯಲ್ಲಿ ಮೋತೀರಾಮ ಶೇಠ ಎಂಬುವರ ಅಂಗಡಿ. ನೋಟ್‌ಬುಕ್ಕು, ಪಟ್ಟಿ, ಕಂಪಾಸ್ ಡಬ್ಬಿ, ಆಟಿಕೆ, ರಾಖಿ, ಋತುಮಾನಕ್ಕೆ ತಕ್ಕಂತೆ ಪಿಚಕಾರಿ. ಅಲ್ಲಿ ಭಾನುವಾರ ಮಧ್ಯಾಹ್ನ ಶೇಠರೇ ಪಂದ್ಯ ನಡೆಸುತ್ತಿದ್ದರು. ತಗಡಿನ ಮಾಡಿನ ಕೆಳಗೆ ನಾಲ್ಕು ಪ್ಲಾಸ್ಟಿಕ್ ಟೇಬಲ್ಲು, ಎಂಟು ಸ್ಟೂಲು. ಗೆದ್ದವರಿಗೆ ಶೇಠರು ಏನೂ ಕೊಡುತ್ತಿರಲಿಲ್ಲ. ಬದಲಿಗೆ ಅಲ್ಲೊಂದು ಪದ್ಧತಿಯಿತ್ತು. ಅದಕ್ಕೆ ಮಕ್ಕಳು ಉಚಲ ಎನ್ನುತ್ತಿದ್ದರು, ಅಂದರೆ ಎತ್ತಿಕೊ. ಗೆದ್ದವರು ಸೋತವರ ಕಟ್ಟಿನಿಂದ ತಮಗೆ ಬೇಕಾದ ಒಂದು ಕಾರ್ಡನ್ನು ಎತ್ತಿಕೊಳ್ಳಬಹುದು. ಹೆಸರು ಕೊಟ್ಟು ಬಾರದಿದ್ದರೆ ಸೋತಂತೆಯೇ ಲೆಕ್ಕ, ಮುಂದಿನ ವಾರ ಕಟ್ಟು ತಂದು ಒಪ್ಪಿಸಬೇಕು. ಹೆಸರು ಕೊಟ್ಟವರ ಬದಲು ಮನೆಯ ಬೇರೆ ಯಾರಾದರೂ ಕೂತರೆ ಅಡ್ಡಿಯಿಲ್ಲ. ಮಾತಿಗೆ ತಪ್ಪದ ಸಿಪಾಯಿಗಳ ಮಕ್ಕಳೇ ಹೆಚ್ಚಿದ್ದ ಆ ಜಾಗದಲ್ಲಿ ಈ ಕಾನೂನನ್ನು ಮುರಿದವರ ಸುದ್ದಿಯನ್ನು ನಾನು ಕೇಳಿಲ್ಲ.

ಮುಕ್ತಾ ಹೆಸರು ಕೊಟ್ಟಳು. ಶನಿವಾರ ಅವಳ ಮೈತುಂಬ ಸೀತಾಳೆ ಸಿಡುಬು ಎದ್ದಿತು. ಬೇವಿನ ಎಲೆಯ ನಡುವೆ ಮಲಗಿದ್ದ ಹುಡುಗಿ ತುರಿಕೆಗೆ ಅಳಲಿಲ್ಲ, ಗರುಡನಿಗಾಗಿ ಅತ್ತಳು. ನಾನು ಸಮಾಧಾನದ ಮಾತುಗಳನ್ನು ಹುಡುಕುತ್ತಿರುವಾಗ ಹೆಂಡತಿ ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟಳು.

“ದಿನಾ ಮಂದಿ ಗೆದ್ದದ್ದು ಸೋತದ್ದು ಬರೀತೀರಿ, ಒಂದು ದಿನ ಮಗಳ ಸಲುವಾಗಿ ನೀವ ಹೋಗಿ ಕೂಡ್ರಿ.”

ಹೀಗೆ ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ನನ್ನ ಜೀವನದ ಮೊದಲ ಹಾಗೂ ಕೊನೆಯ ಪಂದ್ಯಾವಳಿಗೆ ಇಳಿದೆ. ಸ್ಟೂಲು ಎಷ್ಟು ಗಿಡ್ಡವಿತ್ತೆಂದರೆ ನನ್ನ ಮೊಣಕಾಲುಗಳು ಟೇಬಲ್ಲಿಗಿಂತ ಮೇಲಿದ್ದವು. ಸುತ್ತಲಿದ್ದ ಮಕ್ಕಳು ಮೊದಲು ನಾನು ಶಾಲೆಯ ಇನ್‌ಸ್ಪೆಕ್ಟರ್ ಎಂದು ತಿಳಿದು ಎದ್ದು ನಿಂತರು. ಮೊದಲ ಸುತ್ತು ಗೆದ್ದೆ. ಎದುರಾಳಿಗೆ ಆರು ವರ್ಷ, ಅವನು ಆಟದ ನಡುವೆ ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿ ಎದ್ದು ಹೋದ. ಹೀಗಿದ್ದರೂ ನೋಟ್‌ಬುಕ್ಕಿನಲ್ಲಿ ‘ಸುಲಭ ಜಯ’ ಎಂದು ಬರೆದುಕೊಂಡೆ. ಎರಡನೆಯ ಸುತ್ತಿಗೆ ಎದುರು ಬಂದು ಕೂತವಳು ಸುಮಾರು ಹತ್ತು ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೈಯಲ್ಲಿ ಕರವಸ್ತ್ರ. ಹೆಸರು ಕೇಳಿದೆ. ಪಲ್ಲವಿ ಎಂದಳು. ಅಷ್ಟೇ ಬರೆದುಕೊಂಡೆ.

ಎರಡು ಸರದಿ ಮುಗಿಯುವಷ್ಟರಲ್ಲಿ ನನ್ನ ಎರಡು ಹುಲಿಗಳು ಸತ್ತಿದ್ದವು. ಕಾರ್ಡಿನ ಸಣ್ಣ ಅಕ್ಷರ ಓದಲು ಕನ್ನಡಕ ತಂದಿರಲಿಲ್ಲ. ಶೇಠರಿಗೆ, ನಾನು ಹೊಸಬ, ಮಗಳಿಗೆ ಫೋನ್ ಮಾಡಿ ಕೇಳಬಹುದೆ ಎಂದೆ. ಅವರು ಆ ಹುಡುಗಿಗೆ, ನಿನ್ನದೇನಾದರೂ ತಕರಾರು ಇದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಆಕೆ ತಲೆ ಅಲ್ಲಾಡಿಸಿ ಇಲ್ಲವೆಂದಳು. ‘ಎದುರಾಳಿಯ ಕ್ರೀಡಾ ಮನೋಭಾವ ಮೆಚ್ಚತಕ್ಕದ್ದು’ ಎಂದು ನನ್ನ ನೋಟ್‌ಬುಕ್ಕಿನಲ್ಲಿದೆ.

ಫೋನು ಹಚ್ಚಿದೆ. ಮುಕ್ತಾ ಮೊದಲು ಎದುರಾಳಿ ಯಾರು ಎಂದು ಕೇಳಿದಳು. ವರದಿ ಒಪ್ಪಿಸುವ ಧಾಟಿಯಲ್ಲಿ ನಾನು ಹೇಳಿದೆ: “ಯಾವುದೋ ಸಣ್ಣ ಹುಡುಗಿ ಅದ. ಭಾಳ ಪಾಪದ್ದು. ಘಳಿಗಿಗೊಮ್ಮೆ ಮೂಗು ಸೊರ್ ಸೊರ್ ಅಂತ ಏರಿಸ್ಕೋತದ. ಆಟ ಏನ್ ಬರೂಹಂಗ ಕಾಣೂದಿಲ್ಲ.”

ಮುಕ್ತಾ ಅವಳ ಮಿಶ್ರಭಾಷೆಯಲ್ಲಿ ಹೇಳುತ್ತಾ ಹೋದಳು. “ಪಪ್ಪಾ, ಗರುಡ ಆತ್ತಾ ನಕೋ. ಮೊದಲ ಆಮೆ ಇಡ್ರಿ, ಮಗ ಹಾವು.” ಆತ್ತಾ ನಕೋ ಎಂದರೆ ಈಗ ಬೇಡ, ಮಗ ಎಂದರೆ ಆಮೇಲೆ. ಫೋನಿನಲ್ಲಿ ಬಂದದ್ದನ್ನು ಓದಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ಇಪ್ಪತ್ತು ವರ್ಷದ ಶಿಸ್ತು ನನ್ನಿಂದ ತಾನಾಗಿ ಮಾತಾಡಿತು. “ಬರಕೊಂಡೆ. ಮೊದಲ ಆಮಿ ಇಡತೀನಿ. ಅದರ ಹಿಂದ ಹಾವು. ಗರುಡ ಕಡೀಕ. ಬರೋಬರಿ ಅದ ಇಲ್ಲೋ?” ಎಂದು ಗಟ್ಟಿಯಾಗಿ, ಸ್ಪಷ್ಟವಾಗಿ, ಅಚ್ಚ ಕನ್ನಡದಲ್ಲಿ ಹೇಳಿದೆ. ಪ್ರತಿ ಸರದಿಗೂ ಹೀಗೇ ನಡೆಯಿತು. ಮರಾಠಿ ನಾಡಿನ ನಡುವೆ ಕೂತು, ಮೂರು ತಲೆಮಾರಿನ ಸಿಪಾಯಿಗಳ ಮಕ್ಕಳ ಕಣ್ಣೆದುರು ಯುದ್ಧದ ಗುಟ್ಟನ್ನು ರವಾನಿಸುತ್ತಿದ್ದೇನೆ ಎಂಬ ಹೆಮ್ಮೆ ನನ್ನ ಮುಖದ ಮೇಲೆ ಇದ್ದಿರಬೇಕು.

ನಾನು ಆಮೆ ಇಟ್ಟೆ, ಆಕೆಯ ಬಳಿ ಆಮೆಯನ್ನು ಮಗುಚುವ ಮೊಸಳೆ ತಯಾರಿತ್ತು. ಹಾವು ಇಟ್ಟೆ, ಮುಂಗುಸಿ ಬಂತು. ನೋಟ್‌ಬುಕ್ಕಿನಲ್ಲಿ ಇದೆಲ್ಲ ಕ್ರಮವಾಗಿ ದಾಖಲಾಗಿದೆ. ‘ನಾಲ್ಕು ಇಪ್ಪತ್ತು. ಫೋನಿನ ನಂತರ ಎದುರಾಳಿ ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. ಆಮೇಲೆ ಮೂಗು ಏರಿಸಲಿಲ್ಲ.’ ‘ನಾಲ್ಕು ಇಪ್ಪತ್ತೈದು. ನಾನು ಕಾರ್ಡು ಇಡುವ ಮೊದಲೇ ಆಕೆ ತನ್ನದನ್ನು ಆರಿಸಿಟ್ಟುಕೊಳ್ಳುತ್ತಾಳೆ. ಅದೃಷ್ಟವಂತೆ.’ ಅದೃಷ್ಟವಂತೆ ಎಂಬ ಶಬ್ದದ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಮುಖ್ಯ ವರದಿಗಾರರು ಅದನ್ನು ನೋಡಿದ್ದರೆ ನನ್ನನ್ನು ಹವಾಮಾನದ ಅಂಕಣಕ್ಕೆ ಹಾಕುತ್ತಿದ್ದರು.

ಗರುಡ ಕೊನೆಗೆ ಇಳಿಯಿತು. ಆಕೆ ಬಲೆಯ ಕಾರ್ಡು ಹಾಸಿ ಕಾದಿದ್ದಳು. ನಾನು ಸೋತೆ.

ಸೋತ ಸುದ್ದಿ ಹೇಳಿದಾಗ ಆ ಕಡೆ ಮುಕ್ತಾ ಬಿಕ್ಕಿದಳು. ನನ್ನ ಹಳೆಯ ಫೋನಿನ ದನಿ ಪಕ್ಕದವರಿಗೂ ಕೇಳಿಸುವಂಥದ್ದು. ಅವಳಿಗೆ ಧೈರ್ಯ ಹೇಳಬೇಕಿತ್ತು. ಉಚಲ ಎಂದು ಶೇಠರು ಇನ್ನೂ ಕೂಗಿರಲಿಲ್ಲ. ನಾನು ಕಾರ್ಡುಗಳನ್ನು ಒಟ್ಟುಗೂಡಿಸುವ ನೆಪದಲ್ಲಿ ಗರುಡನನ್ನು ಲಕೋಟೆಯಿಂದ ತೆಗೆದು, ಕಟ್ಟಿನ ನಡುವೆ ತೂರಿಸಿದೆ. ಇಡೀ ವೃತ್ತಿಜೀವನದಲ್ಲಿ ಒಂದು ಸಂಗತಿಯನ್ನೂ ಮುಚ್ಚಿಡದವನು ಆ ದಿನ ಒಂದು ಹಕ್ಕಿಯನ್ನು ಮುಚ್ಚಿಟ್ಟೆ. ಮುಚ್ಚಿಟ್ಟು, ಅದನ್ನೂ ವರದಿ ಮಾಡಿದೆ.

“ಅಳಬ್ಯಾಡವ್ವಾ. ನಡುವ ಒಂದು ಹರಕ ಕಪ್ಪಿ ಅದಲ್ಲ, ಅದರ ಕೆಳಗ ಬಚ್ಚಿಟ್ಟೀನಿ. ಆಕಿಗೇನ್ ತಿಳೀತದ? ಮ್ಯಾಲಿಂದ ಒಂದು ಸಿಂಹ ಎತ್ಕೊಂಡು ಹೊಕ್ಕಾಳ.”

ಪಲ್ಲವಿ ಕಟ್ಟನ್ನು ಕೈಗೆ ತೆಗೆದುಕೊಂಡಳು. ಮೇಲಿನ ಸಿಂಹವನ್ನು ನೋಡಲೇ ಇಲ್ಲ. ಇಸ್ಪೀಟಿನ ಹಾಗೆ ಬೀಸಣಿಗೆ ಮಾಡಿ, ಬೆರಳಾಡಿಸುತ್ತ ನೇರ ನಡುವಿಗೆ ಬಂದಳು. ಮೂಲೆ ಹರಿದ ಕಪ್ಪೆಯ ಮೇಲೆ ಬೆರಳು ನಿಂತಿತು. ಅದನ್ನು ಸ್ವಲ್ಪ ಸರಿಸಿದಳು. ಕೆಳಗಿನಿಂದ ಗರುಡ ಒಮ್ಮೆ ನೀಲಿಯಾಗಿ, ಒಮ್ಮೆ ಹಸಿರಾಗಿ ಮಿಂಚಿತು. ಸುತ್ತ ನಿಂತ ಮಕ್ಕಳೆಲ್ಲ ಬಾಗಿದರು. ಮನೆಗೆ ಹೋಗಿ ಮಗಳ ಮುಖ ಹೇಗೆ ನೋಡಲಿ ಎಂದುಕೊಂಡೆ. ಹುಡುಗಿ ಗರುಡನನ್ನು ಬಹಳ ಹೊತ್ತು ನೋಡಿದಳು. ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಕಪ್ಪೆಯನ್ನು ಎತ್ತಿಕೊಂಡು, ಕಟ್ಟನ್ನು ನನ್ನ ಕೈಗೆ ಕೊಟ್ಟಳು.

ಇಂಥ ದಡ್ಡ ಉಚಲ ತಾನು ನೋಡಿಲ್ಲ ಎಂದು ಶೇಠರು ಹಣೆ ಹೊಡೆದುಕೊಂಡರು. ನಾನು ‘ಎದುರಾಳಿಗೆ ಕಾರ್ಡುಗಳ ಬೆಲೆ ತಿಳಿಯದು’ ಎಂದು ಬರೆಯುತ್ತಿದ್ದೆ. ಆಕೆ ಚಪ್ಪಲಿ ಮೆಟ್ಟಿಕೊಂಡು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದಳು. ಮಾತನ್ನು ಮನಸ್ಸಿನಲ್ಲಿ ಒಮ್ಮೆ ಜೋಡಿಸಿಕೊಂಡವಳಂತೆ ನಿಧಾನವಾಗಿ ಹೇಳಿದಳು.

“ಅಂಕಲ್, ಅಕ್ಕಾಗ ಅಳಬ್ಯಾಡ ಅಂತ ಸಾಂಗಾ, ಅಂದ್ರ ಹೇಳ್ರಿ. ಮತ್ತ... ನನಗ ಸರ್ದಿ ಆಗ್ಯಾದ್ರಿ. ಅದಕ್ಕ ಮೂಗು.”

ಪೆನ್ನು ಅಲ್ಲೇ ನಿಂತಿತು. ಯಾವ ಊರವ್ವಾ ನಿಮ್ಮದು ಎಂದು ಕೇಳಿದೆ. ಒಂದು ತಾಸು ಮೊದಲು ಕೇಳಬೇಕಾದ ಪ್ರಶ್ನೆ. ಗೋಕಾಕ ಎಂದಳು. ಅವಳ ಅಪ್ಪ ತೋಪಖಾನೆಯಲ್ಲಿ ಹವಾಲ್ದಾರರಂತೆ, ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರಂತೆ, ತನಗೆ ಮಾತ್ರ ಮಾತಾಡಲು ಅಷ್ಟು ಬರುವುದಿಲ್ಲವಂತೆ. ಇಷ್ಟನ್ನು ಮರಾಠಿಯಲ್ಲಿ ಹೇಳಿ, ಕಪ್ಪೆಯನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡು ಓಡಿದಳು.

ಮನೆಗೆ ಬಂದು ಮುಕ್ತಾಳ ದಿಂಬಿನ ಮೇಲೆ ಗರುಡನನ್ನು ಇಟ್ಟೆ. ನಡೆದದ್ದನ್ನೆಲ್ಲ ಹೇಳಿದೆ, ಮೂಗಿನ ಸಂಗತಿಯೊಂದನ್ನು ಬಿಟ್ಟು. ಅವಳು ಕೇಳಿದ್ದು ಒಂದೇ: ಆ ಹುಡುಗಿಯ ಅಡ್ಡಹೆಸರೇನು, ಯಾವ ಕ್ವಾರ್ಟರ್ಸಿನವಳು? ನನಗೆ ಗೊತ್ತಿರಲಿಲ್ಲ. ಮೈ ವಾಸಿಯಾದ ಮೇಲೆ ಅವಳು ಮೂರು ಭಾನುವಾರ ಅಂಗಡಿಗೆ ಹೋಗಿ ಕಾದಳು. ಹವಾಲ್ದಾರರಿಗೆ ಬೇರೆಡೆ ವರ್ಗವಾಯಿತೆಂದು ಶೇಠರು ತಿಳಿಸಿದರು. ಕ್ಯಾಂಪಿನಲ್ಲಿ ಗೋಕಾಕದ ಹವಾಲ್ದಾರರು ಎಷ್ಟು ಜನವೋ, ಅಡ್ಡಹೆಸರಿಲ್ಲದೆ ಹುಡುಕುವುದು ಹೇಗೆ? ಮುಕ್ತಾ ಆ ಮೇಲೆ ಪಂದ್ಯ ಆಡಿದಳು, ಗೆದ್ದಳು, ಸೋತಳು. ಆದರೆ ಯಾವ ಪ್ಯಾಕೆಟ್ಟಿನಲ್ಲಿ ಕಪ್ಪೆ ಬಂದರೂ ಎಸೆಯದೆ ತೆಗೆದಿಡುತ್ತಿದ್ದಳು. ಈಗ ಶೇಠರ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. ತಗಡಿನ ಮಾಡು ಮಾತ್ರ ಅದೇ.

ಇಷ್ಟಾದ ಮೇಲೆ ನಾನು ಊರೆಂಬ ಅಡುಗೆಮನೆಯಲ್ಲಿ ಬಾಯಿ ಹಿಡಿದು ಮಾತಾಡುವುದನ್ನು ಕಲಿತೆ. ಇನ್ನೊಂದನ್ನೂ ಕಲಿತಿದ್ದೇನೆ ಎಂದುಕೊಂಡಿದ್ದೆ. ಈಚೆಗೆ ತ್ರ್ಯಂಬಕೇಶ್ವರದ ಜೀಪಿನಲ್ಲಿ ನನ್ನೆದುರು ಗಂಡ ಹೆಂಡತಿ ಕೂತಿದ್ದರು. ಈ ಮುದುಕ ಎಷ್ಟ್ ಜಾಗಾ ಹಿಡದಾನ ನೋಡು ಎಂದು ಆತ ಕನ್ನಡದಲ್ಲಿ ಹೇಳಿದ. ಆಕೆ ನನ್ನ ಹೊಟ್ಟೆಯ ಬಗ್ಗೆ ಒಂದು ಮಾತು ಸೇರಿಸಿದಳು. ನನಗೆ ಪಲ್ಲವಿಯ ನೆನಪಾಯಿತು. ಸುಮ್ಮನಿರಬೇಕು, ಅವರಿಗೆ ಜಾಗ ಬಿಟ್ಟುಕೊಡಬೇಕು, ಇಳಿಯುವಾಗ ಮೆಲ್ಲಗೆ ಒಂದು ಒಳ್ಳೆಯ ಮಾತು ಹೇಳಿ ಹೋಗಬೇಕು ಎಂದು ನಿಶ್ಚಯಿಸಿ ನೋಟ್‌ಬುಕ್ಕಿನಲ್ಲಿ ವೇಳೆಯನ್ನೂ ಗುರುತು ಹಾಕಿಕೊಂಡೆ. ಹತ್ತು ವರ್ಷದ ಹುಡುಗಿ, ಸೋರುವ ಮೂಗಿನೊಂದಿಗೆ, ಒಂದು ತಾಸು ಸುಮ್ಮನಿದ್ದಳು. ಜೀಪು ಇನ್ನೂ ಸ್ಟ್ಯಾಂಡಿನಿಂದ ಹೊರಬಿದ್ದಿರಲಿಲ್ಲ, ನಾನು ಅವರ ಅಡ್ಡಹೆಸರು, ಊರು ಎಲ್ಲವನ್ನೂ ಕನ್ನಡದಲ್ಲಿ ಕೇಳಿ ಬರೆದುಕೊಂಡಾಗಿತ್ತು.