ಆರ್‌ಸಿಸಿ ಮನೆಗೇ ಹೆಣ್ಣು

ಯಾರ ಮನೆಗೆ ಹೋದರೂ ನಮ್ಮ ದೊಡ್ಡಪ್ಪ ಚಪ್ಪಲಿ ಬಿಡುತ್ತಲೇ ಕತ್ತೆತ್ತಿ ಸೂರು ನೋಡುತ್ತಾರೆ. ಮನೆಯವರ ಮುಖ ನೋಡುವುದು ಆಮೇಲೆ. ತೊಂಬತ್ತರ ದಶಕದಲ್ಲಿ ಅಕ್ಕನಿಗೆ ಗಂಡು ಹುಡುಕುವಾಗ, ಈ ಅಭ್ಯಾಸದಿಂದ ಕಿರಂಗೂರಿನ ನಮ್ಮ ಮನೆಯಲ್ಲಿ ತಿಂಗಳಿಗೊಂದು ಪ್ರಸಂಗ ಗ್ಯಾರಂಟಿ.

೧

ಮದುವೆ ದಲ್ಲಾಳಿ ನಾಗಮಂಗಲದ ಕಡೆಯ ಸಂಬಂಧ ತಂದ.

"ಹುಡ್ಗ ಡಿಗ್ರಿ ಮಾಡವ್ನೆ. ಕೆಲ್ಸ ಅದೆ. ಕುಡಿಯಾಕಿಲ್ಲ."

"ಅದಿರ್ಲಿ ಕಣ್ಲಾ, ಮನೆ ಆರ್‌ಸಿಸಿನಾ?" ಅಂದರು ದೊಡ್ಡಪ್ಪ.

"ಎಂಚು."

"ಅಂಗಾರೆ ಇವತ್ತಲ್ಲ ನಾಳೆ ಕುಡೀತಾನೆ ಬುಡು."

೨

ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ಹತ್ತಿರ ಕರೆದರು. "ಇಂಗ್ಲಿಷ್ ಇಸ್ಕೂಲಲ್ಲಿ ಓದಿದೀಯ. ಆರ್‌ಸಿಸಿ ಅಂದ್ರೇನವ್ವ?"

"ರೀಇನ್‌ಫೋರ್ಸ್ಡ್ ಸಿಮೆಂಟ್ ಕಾಂಕ್ರೀಟ್" ಅಂದೆ. ಆಮೇಲೆ ಬಿಡಿಸಿ ಹೇಳಿದೆ, "ಕಂಬಿ ಕಟ್ಟಿ, ಮೇಲೆ ಜಲ್ಲಿ ಸಿಮೆಂಟು ಸುರಿದು ಮಾಡಿದ ಸೂರು ಅಜ್ಜಿ."

"ಅಷ್ಟೇಯಾ? ನಿಮ್ ದೊಡ್ಡಪ್ಪ ಆಡೋದ್ ನೋಡಿ, ನಾನು ಯಾವ್ದೋ ದೊಡ್ಡ ಸರ್ಕಾರಿ ಕೆಲ್ಸ ಅಂದ್ಕಂಡಿದ್ದೆ."

ಆಮೇಲೆ ನಮ್ಮದೇ ಮನೆಯ ಹೆಂಚು ನೋಡಿ ಅಂದರು, "ಸದ್ಯ, ನನ್ ಮದ್ವೇಲಿ ಅವ್ನು ಹುಟ್ಟಿರ್ಲಿಲ್ಲ."

೩

ಶೀಳನೆರೆಯ ಹುಡುಗ ಬಂದು ನೋಡಿ ಹೋದ ರಾತ್ರಿ ಅಕ್ಕ ನನ್ನೊಬ್ಬಳಿಗೇ ಹೇಳಿದಳು, "ಇವರೇ ಆಗ್ಲಿ ಕಣೇ."

ಮನೆ ನೋಡುವ ಶಾಸ್ತ್ರಕ್ಕೆ ದೊಡ್ಡಪ್ಪ, ಅಮ್ಮ, ನಾನು ಶೀಳನೆರೆಗೆ ಹೋದೆವು. ಮುಂದಿನ ಹಜಾರ ಆರ್‌ಸಿಸಿ, ಹಿಂದಿನ ಅಡುಗೆಮನೆ ಹೆಂಚು.

"ಅರ್ಧ ಮನೆಗೆ ಅರ್ಧ ಹೆಣ್ಣು ಕೊಡಾಕಾಯ್ತದಾ?" ದೊಡ್ಡಪ್ಪ ಅಮ್ಮನ ಕಿವಿಯಲ್ಲಿ ಅಂದರು. ಆರ್‌ಸಿಸಿಯಲ್ಲೂ ಬಿರುಕಿದೆಯೇನೋ ನೋಡಬೇಕೆಂದು ಹಜಾರದ ಪಕ್ಕಕ್ಕೆ ನಡೆದರು. ಮೆಟ್ಟಿಲು ಇನ್ನೂ ಕಟ್ಟಿಸಿರಲಿಲ್ಲ. ಬಿದಿರೇಣಿ ಇಟ್ಟುಕೊಂಡು ತಾರಸಿ ಹತ್ತಿದರು. ಕೆಳಗೆ ಹಿಡಿದುಕೊಂಡವಳು ನಾನು.

ಮೇಲೆ ಕಾಲಲ್ಲಿ ಗುದ್ದಿ ನೋಡಿದರು. ಹೊರಗೆ ಚಾಚಿದ್ದ ಕಂಬಿ ಅಲ್ಲಾಡಿಸಿದರು. ಅಂಚಿಗೆ ಬಂದು ಮೆಲ್ಲಗೆ ಅಂದರು, "ಗಟ್ಟಿಯೇನೋ ಅದೆ. ಆದ್ರೂ ಬ್ಯಾಡ ಕಣವ್ವ, ಪಾಂಡವಪುರದಲ್ಲಿ ಪೂರಾ ಆರ್‌ಸಿಸಿ ಒಂದದೆಯಂತೆ."

ನಾನು ಏಣಿ ಎತ್ತಿ ನೆಲಕ್ಕೆ ಮಲಗಿಸಿದೆ.

"ಅಕ್ಕಂಗೆ ಇವ್ರೇ ಇಷ್ಟ. ಒಪ್ಪಿಗೆ ಅಂದ್ಬುಡಿ ದೊಡ್ಡಪ್ಪ." ಅವರೆದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

"ಲೇ, ಇಡೇ ಏಣಿಯ."

ಅಷ್ಟರಲ್ಲಿ ಹುಡುಗನ ತಾಯಿ ಕಾಫಿ ತಂದರು. "ನಿಮ್ ದೊಡ್ಡಪ್ಪ ಎಲ್ಲವ್ವ?"

"ಮೇಲಿದಾರೆ. ನಿಮ್ಮ ಆರ್‌ಸಿಸಿ ಬಿಟ್ಟು ಇಳಿಯೋಕೇ ಮನಸ್ಸು ಬರ್ತಿಲ್ಲವಂತೆ. ಸಂಬಂಧ ಒಪ್ಪಿಗೆಯಂತೆ" ಅಂದೆ, ಮೇಲಕ್ಕೂ ಕೇಳುವಷ್ಟು ಜೋರಾಗಿ.

ಆಕೆ ಖುಷಿಯಿಂದ ಕತ್ತೆತ್ತಿದರು. "ಔದಾ ಅಣ್ಣ?"

ಮಟಮಟ ಮಧ್ಯಾಹ್ನ. ದೊಡ್ಡಪ್ಪ ಬರಿಗಾಲಲ್ಲಿದ್ದರು. ಒಂದು ಕಾಲೆತ್ತಿದರು, ಇನ್ನೊಂದು ಎತ್ತಿದರು.

"ಊಂ ಕಣವ್ವ, ಒಪ್ಗೆ" ಅಂದರು.

ಆಕೆ ಸುದ್ದಿ ಹೇಳಲು ಒಳಗೆ ಓಡಿದರು. ನಾನು ಕಾಫಿ ಲೋಟ ಹಿಡಿದು ಹಿಂದೆಯೇ ಹೋದೆ.

"ಏಣಿ ಇಡ್ರವ್ವ" ಅನ್ನುತ್ತಿದ್ದರು ದೊಡ್ಡಪ್ಪ.