ಹೊಲಿಗೆ ಯಂತ್ರದಲ್ಲಿ ಹುಟ್ಟಿದ ಮೀನು

ಹೋದ ಭಾನುವಾರ ಮ್ಯಾನೇಜರರ ಗಾಳ ಕೆರೆಯೊಳಗಿನ ಮರದ ಬೊಡ್ಡೆಗೆ ಸಿಕ್ಕಿಕೊಂಡಿತು. ಎಳೆದರು. ದಾರ ಬಂತು, ತುದಿಯಲ್ಲಿದ್ದ ಸ್ಟ್ರೀಮರ್ ಬರಲಿಲ್ಲ. ಸೋಮವಾರದಿಂದ ಅವರು ಕಚೇರಿಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಿರಲಿಲ್ಲ.

ಸ್ಟ್ರೀಮರ್ ಎಂದರೆ ಗಾಳದ ಮುಳ್ಳಿಗೆ ಗರಿ, ಕೂದಲು, ಬೆಳ್ಳಿಪಟ್ಟಿ ಸುತ್ತಿ ಕಟ್ಟುವ ಹುಸಿ ಬೇಟೆ. ಕಟ್ಟುವವರು ಅದನ್ನು ನೊಣ ಎನ್ನುತ್ತಾರೆ. ಕಾಣುವುದು ಮರಿಮೀನಿನ ಹಾಗೆ. ದೊಡ್ಡ ಮೀನು ಏನನ್ನೂ ವಿಚಾರಿಸದೆ ಬಾಯಿ ಹಾಕುತ್ತದೆ. ನೀರು ಸರಬರಾಜು ಕಚೇರಿಯ ಕಡತದ ಗುಮಾಸ್ತ ಚಿಕ್ಕಂದಿನಲ್ಲಿ ಸೋದರಮಾವನಿಂದ ಈ ಕೆಲಸ ಕಲಿತಿದ್ದ. ಕಲಿತದ್ದು ತಪ್ಪಲ್ಲ. ಅದನ್ನು ಕ್ಯಾಂಟೀನಿನಲ್ಲಿ ಟೈಪಿಸ್ಟನ ಮುಂದೆ ಹೇಳಿಕೊಂಡದ್ದು ತಪ್ಪು.

ಗುರುವಾರ ಸಂಜೆ ಟೈಪಿಸ್ಟ್ ಅವನ ಮೇಜಿಗೆ ಒರಗಿ ದನಿ ತಗ್ಗಿಸಿದ. ಅಣೆಕಟ್ಟಿನ ಶಾಖೆಗೆ ಒಬ್ಬರನ್ನು ವರ್ಗ ಮಾಡುತ್ತಿದ್ದಾರಂತೆ. ನಾಳೆ ಐದು ಗಂಟೆಗೆ ಸಹಿ. ಆದೇಶ ಟೈಪ್ ಮಾಡಿದವನು ತಾನೇ ಆದ್ದರಿಂದ ಹೆಸರು ಹೇಳುವ ಹಾಗಿಲ್ಲ. ಹೇಳದೆ, ಗುಮಾಸ್ತನನ್ನು ಕರುಣೆಯಿಂದ ನೋಡಿದ.

"ಒಂದು ಸ್ಟ್ರೀಮರ್ ಕಟ್ಟಿ ಸಾಹೇಬ್ರ ಕೈಗೆ ಕೊಡು. ಹೆಸರು ಬದಲಾಗತ್ತೆ. ನನ್ನ ಮಾತು ನಂಬು."

ಅಣೆಕಟ್ಟು ಐದು ಗಂಟೆಯ ದಾರಿ. ಗುಮಾಸ್ತನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಆರು ವರ್ಷ ಹೆಣಗಿ ಹೊಲಿಗೆ ಅಂಗಡಿ ನಿಲ್ಲಿಸಿದ್ದಳು. ಸುದ್ದಿ ಕೇಳಿ ಅವಳು ಕತ್ತರಿ ಕೆಳಗಿಡಲಿಲ್ಲ.

"ವರ್ಗ ಆದ್ರೆ ನಿಮ್ಮ ದಿಂಬು ತಗೊಂಡು ಹೋಗಿ. ನಾನೂ ನನ್ನ ಮಿಷಿನ್ನೂ ಇಲ್ಲೇ ಇರ್ತೀವಿ."

ದಿಂಬಿಲ್ಲದೆ ನಿದ್ದೆ ಬಂದೀತು, ಇವಳಿಲ್ಲದೆ ಬರದು ಎಂದು ಅವನಿಗೆ ಗೊತ್ತಿತ್ತು.

ಶುಕ್ರವಾರ ಹೊಟ್ಟೆನೋವೆಂದು ರಜೆ ಹಾಕಿದ. ಮುಳ್ಳು ಹಳೆಯ ಡಬ್ಬಿಯಲ್ಲಿತ್ತು. ಬೆಳ್ಳಿಪಟ್ಟಿ ಹೆಂಡತಿಯ ರಿಬ್ಬನ್ನುಗಳ ನಡುವೆ ಸಿಕ್ಕಿತು. ಕಚೇರಿಯ ಧೂಳು ಹೊಡೆಯುವ ಗರಿಪೊರಕೆಯಿಂದ ನಾಲ್ಕು ಹುಂಜದ ಗರಿಗಳನ್ನು ಹಿಂದಿನ ಸಂಜೆಯೇ ಕಿತ್ತು ತಂದಿದ್ದ. ಇನ್ನು ಉದ್ದನೆಯ ಬಿಳಿ ಕೂದಲು. ಅದು ಪಕ್ಕದ ಮನೆಯ ಟೀಚರಮ್ಮನ ನಾಯಿಯ ಬಾಲದಲ್ಲಿ ಬೇಕಾದಷ್ಟಿತ್ತು. ನಾಯಿ ಎರಡು ಬಿಸ್ಕತ್ತಿಗೆ ಒಪ್ಪಿತು. ಟೀಚರಮ್ಮನನ್ನು ಕೇಳುವಷ್ಟು ಪುರುಸೊತ್ತಿರಲಿಲ್ಲ.

ಮುಳ್ಳನ್ನು ಕಚ್ಚಿ ಹಿಡಿಯಲು ಒಂದು ಇಕ್ಕಳ ಬೇಕು. ಇಲ್ಲದ್ದಕ್ಕೆ ಹೊಲಿಗೆ ಯಂತ್ರದಲ್ಲಿ ಬಟ್ಟೆ ಒತ್ತಿಹಿಡಿಯುವ ಪಾದದಡಿ ಅದುಮಿದ. ಹೆಂಡತಿ ಗುಂಡಿ ತರಲು ಪೇಟೆಗೆ ಹೋಗಿದ್ದಳು. ಹೋಗಿರದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಈ ಕೆಲಸಕ್ಕೆ ಇರುವುದು ಒಂದೇ ನಿಯಮ. ಕೊನೆಯ ಗಂಟು ಬೀಳುವವರೆಗೆ ದಾರ ಬಿಗಿಯಾಗಿರಬೇಕು. ಕೈ ಸಡಿಲಿಸಿದರೆ ಇಡೀ ಮೀನು ಬಿಚ್ಚಿಕೊಂಡು ಕಸವಾಗುತ್ತದೆ. ಬೆಳ್ಳಿ ಸುತ್ತಿ, ಕೂದಲು ಹೊಂದಿಸಿ, ಗರಿಗಳನ್ನು ಎರಡು ಬದಿಗೆ ಕೂರಿಸಿ ಅವನು ದಾರ ಎಳೆದು ಹಿಡಿದಿದ್ದಾಗ ಟೀಚರಮ್ಮ ಒಳಗೆ ಬಂದರು. ಕಂಕುಳಲ್ಲಿ ನಾಯಿ. ಅದರ ಬಾಲ ಸವೆದ ಹಲ್ಲುಜ್ಜುವ ಬ್ರಷ್ಷಿನಂತಿತ್ತು.

ಅವನು ಏಳಲಿಲ್ಲ, ತಿರುಗಲೂ ಇಲ್ಲ. ದಾರ ಬಿಟ್ಟರೆ ಹೋಯಿತು ಎಂದ. ತಾನು ಕೇಳುತ್ತಿರುವುದು ಬಾಲದ ವಿಷಯ, ದಾರದ್ದಲ್ಲ ಎಂದರು ಟೀಚರಮ್ಮ. ಅಷ್ಟರಲ್ಲಿ ಕೋಟಿನ ಅಳತೆ ಕೊಡಲು ಬಂದ ಬ್ಯಾಂಡ್ ಮಾಸ್ತರರು ಇಬ್ಬರ ನಡುವೆ ತಲೆ ತೂರಿಸಿದರು. ಗಂಟು ಹಾಕುವಾಗ ಇನ್ನೊಬ್ಬರು ಬೆರಳಿಟ್ಟರೆ ಸುಲಭವೆಂದು ಹೇಳಿ, ಯಾರೂ ಕೇಳದಿದ್ದರೂ ಇಟ್ಟರು. ಗಂಟು ಬಿಗಿಯಾಗಿ ಬಿತ್ತು. ಮೀನಿಗೂ ಬಿತ್ತು, ಬೆರಳಿಗೂ ಬಿತ್ತು.

ಬಿಡಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಕೊನೆಗೆ ಟೀಚರಮ್ಮನೇ ಕತ್ತರಿ ಹಿಡಿದು ಬೆರಳನ್ನು ಮೀನಿನಿಂದ ಬೇರ್ಪಡಿಸಿದರು, ಕೊನೆಯ ಗಂಟನ್ನು ಅವನು ಮತ್ತೆ ಹಾಕಿದ. ಟೀಚರಮ್ಮ ಸ್ಟ್ರೀಮರನ್ನು ಬೆಳಕಿಗೆ ಹಿಡಿದು ನೋಡಿದರು. ಬಿಳಿ ಕೂದಲು ಉಸಿರು ತಾಗಿದರೆ ಈಜುತ್ತಿತ್ತು.

"ನಮ್ಮ ಪಾಪುವಿನ ಬಾಲ ಇಷ್ಟು ಚೆಂದ ಇತ್ತಾ," ಎಂದರು. ಗಂಟಿನ ಮೇಲೆ ಸವರಲು ತಮ್ಮ ಉಗುರಿನ ಬಣ್ಣವನ್ನೂ ತಂದುಕೊಟ್ಟರು. ಬಾಲ ಬೆಳೆಯುವವರೆಗೆ ದಿನಾ ಬೆಳಿಗ್ಗೆ ನಾಯಿ ತಿರುಗಾಡಿಸುವುದು ಅವನ ಪಾಲು ಎಂದು ತೀರ್ಮಾನವಾಯಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಮ್ಯಾನೇಜರರ ಮೇಜಿನ ಮೇಲೆ ಸ್ಟ್ರೀಮರ್ ಇಟ್ಟ. ಅವರು ಕನ್ನಡಕ ಒರೆಸಿಕೊಂಡರು. ಅದನ್ನು ಎತ್ತಿ, ಊದಿ, ನೀರಿನ ಲೋಟದಲ್ಲಿ ಅದ್ದಿ ಎಳೆದರು. ಐದು ದಿನಗಳ ನಂತರ ಮೊದಲ ಸಲ ಅವರ ಮುಖ ಸಡಿಲವಾಯಿತು. ಯಾರು ಕಟ್ಟಿದ್ದೆಂದು ಕೇಳಿದರು. ಗುಮಾಸ್ತ ತಲೆ ತಗ್ಗಿಸಿ, ತಾನೇ ಎಂದ.

"ಮುಂದಿನ ತಿಂಗಳಿಂದ ನಾನು ಅಣೆಕಟ್ಟಿನ ಶಾಖೆಗೆ ಹೋಗ್ತಿದ್ದೀನಿ ಕಣಯ್ಯ. ಕಿಟಕಿ ತೆಗೆದ್ರೆ ನೀರು. ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಬಹುದು. ಯಾರಾದ್ರೇನು ಅಂತ ಟೈಪಿಸ್ಟ್ ಹೆಸರು ಹಾಕಿಸಿದ್ದೆ. ಅವನಿಗೆ ಗಾಳ ಯಾವುದು, ಗುಂಡುಸೂಜಿ ಯಾವುದು ಗೊತ್ತಿಲ್ಲ."

ಗುಮಾಸ್ತ ಹೆಂಡತಿಯ ಅಂಗಡಿಯ ವಿಷಯ ಶುರುಮಾಡಿದ. ಮ್ಯಾನೇಜರರು ಸ್ಟ್ರೀಮರನ್ನು ಮತ್ತೊಮ್ಮೆ ಲೋಟದಲ್ಲಿ ಈಜಿಸುತ್ತಿದ್ದರು. ಆ ಕಿವಿಗೆ ಈಗ ನೀರಿನ ಸದ್ದು ಮಾತ್ರ. ಮೇಜಿನ ಗಂಟೆ ಒತ್ತಿ, ಟೈಪಿಸ್ಟ್ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ, ಹೆಸರು ಬದಲಿಸಿ ಹೊಸ ಆದೇಶ ಟೈಪ್ ಮಾಡಿ ತರಲು ಹೇಳಿದರು.

ಹೊಸ ಆದೇಶದ ಹಾಳೆ ಟೈಪಿಸ್ಟನ ಕೈಯಲ್ಲೇ ಇತ್ತು.

"ಬೇಕಾಗಬಹುದು ಅಂತ ಬೆಳಿಗ್ಗೇನೇ ಮಾಡಿಟ್ಟಿದ್ದೆ ಸಾರ್."

ಗುಮಾಸ್ತ ಮನೆಗೆ ಬಂದಾಗ ಹೆಂಡತಿ ಯಂತ್ರದ ಪಾದದಡಿಯಿಂದ ಬಿಳಿ ಕೂದಲು ಹೆಕ್ಕುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಕೊನೆಯ ಕೂದಲನ್ನೂ ತೆಗೆದು, ಚಕ್ರ ಒಂದು ಸುತ್ತು ತಿರುಗಿಸಿ ನೋಡಿ, ಅಳತೆಪಟ್ಟಿ ಕೈಗೆತ್ತಿಕೊಂಡಳು.

"ದಿಂಬು ತನ್ನಿ. ಕವರ್ ಹಳೇದಾಗಿದೆ."