ಕಾಕಾನ ಸಭೆಗೆ ಬಂದವರು

ಮಲಾವಿ ದೇಶದಲ್ಲಿ ಮಾವಿನ ಮರ ಕಂಡಲ್ಲೆಲ್ಲ ಒಂದೊಂದು ಚರ್ಚು ಹುಟ್ಟಿಸಿದ ನಮ್ಮ ಕಾಕಾನಿಗೆ ಲಂಡನ್ನಿನಲ್ಲಿ ಒಂದು ಬಾಗಿಲು ಬಡಿಯಲು ಬರುವುದಿಲ್ಲ ಎಂದರೆ ನಂಬುತ್ತೀರಾ? ಆಫ್ರಿಕಾದ ಆ ಹಳ್ಳಿಗಳಲ್ಲಿ ಬಾಗಿಲು ಬಡಿಯುವುದು ಒರಟುತನವಂತೆ. ಅಂಗಳದಲ್ಲಿ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿ, ಒಳಗಿನವರು ಕರೆಯುವ ತನಕ ಕಾಯಬೇಕಂತೆ. ಲಂಡನ್ನಿನ ಹೌನ್ಸ್ಲೋದಲ್ಲಿ ನನ್ನ ಫ್ಲ್ಯಾಟು ಮೂರನೇ ಮಹಡಿಯಲ್ಲಿದೆ! ಕಾಕಾ ಕೆಳಗೆ ಕಸದ ಬಿನ್ನುಗಳ ಪಕ್ಕ ನಿಂತು ಚಪ್ಪಾಳೆ ತಟ್ಟುತ್ತಾರೆ. ಪಾರಿವಾಳಗಳು ಹಾರಿಹೋಗುತ್ತವೆ, ನನಗೆ ಮಾತ್ರ ಕೇಳಿಸುವುದಿಲ್ಲ. ಫೋನು ಮಾಡಬಾರದೇ ಎಂದರೆ, ಹೇಳಿ ಬರೋದಕ್ಕೆ ನಾನೇನು ಮೀಟರು ನೋಡುವ ಗ್ಯಾಸಿನವನೇ ಎನ್ನುತ್ತಾರೆ.

ಧಾರವಾಡದ ಈ ಪಾದ್ರಿಯನ್ನು ಮಲಾವಿಗೆ ಕಳಿಸಿದ ಮಿಷನ್ನಿನವರೇ, ಕಾಕಿ ತೀರಿಕೊಂಡ ಮೇಲೆ, ಇಲ್ಲಿ ಒಂದು ರೂಮಿನ ಫ್ಲ್ಯಾಟು ಕೊಟ್ಟು ಕೂರಿಸಿದ್ದಾರೆ. ಮಕ್ಕಳಿಲ್ಲ. ವಿಮಾನ ನಿಲ್ದಾಣದ ಕಾರ್ಗೋ ಆಫೀಸಿನಲ್ಲಿ ದುಡಿಯುವ ಅಣ್ಣನ ಮಗಳು ನಾನೊಬ್ಬಳೇ ಬಳಗ. ಸುಮ್ಮನಿರುತ್ತಾರೆಯೇ? ಇಲ್ಲೂ ಒಂದು ಕನ್ನಡ ಸಭೆ ಕಟ್ಟುತ್ತೇನೆ ಎಂದು ಹೊರಟೇಬಿಟ್ಟರು.

ಅವರ ವಿಧಾನ ಬಹಳ ಸರಳ. ಮೊದಲು ಹೋಗಿ ಜನರ ನಡುವೆ ಸುಮ್ಮನೆ ಕೂರಬೇಕು. ಅವರು ಕೊಟ್ಟಿದ್ದನ್ನು ತಿನ್ನಬೇಕು, ಅವರ ಮೇಕೆಯ ಕಷ್ಟ ಕೇಳಬೇಕು. ದೇವರ ಸುದ್ದಿ ಆಮೇಲೆ. ಸರಿ, ಹೌನ್ಸ್ಲೋದಲ್ಲಿ ಎಲ್ಲಿ ಕೂರುವುದು? ಕಟಿಂಗ್ ಅಂಗಡಿಯಲ್ಲಿ ಕೂತರು. ಸರದಿ ಬಂದಾಗ ಬೇಡ ಎನ್ನಲು ಸಂಕೋಚ, ಹೀಗಾಗಿ ಹೋದಾಗಲೆಲ್ಲ ಕಟಿಂಗ್! ತಲೆ ನುಣ್ಣಗಾಯಿತೇ ಹೊರತು ಸಭೆಗೆ ಒಬ್ಬನೂ ಸಿಗಲಿಲ್ಲ. ಜಿಪಿ ಎನ್ನುವ ಇಲ್ಲಿನ ಸರಕಾರಿ ಡಾಕ್ಟರ ದವಾಖಾನೆಯಲ್ಲಿ ಕೂತರು, ಅಲ್ಲಿ ಕೂತವರೆಲ್ಲ ಕೆಮ್ಮುತ್ತ ತಮ್ಮ ಫೋನು ನೋಡುತ್ತಿದ್ದರು.

"ಇಲ್ಲಿ ಬಾ ಕೂಡು ಅನ್ನೋರ ಇಲ್ಲಲ್ಲವಾ," ಎಂದರು ಒಮ್ಮೆ. "ನಾ ಮಾತು ಎಲ್ಲಿಂದ ಸುರು ಮಾಡ್ಲಿ?"

ಕೊನೆಗೆ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ಸಮುದಾಯ ಭವನದ ಹಿಂದಿನ ಕೋಣೆ ಸಿಕ್ಕಿತು. ತಿಂಗಳ ಕೊನೆಯೊಳಗೆ ಜನ ಬರದಿದ್ದರೆ ಕೋಣೆ ಬೇರೆಯವರಿಗೆ ಹೋಗುತ್ತದೆ ಎಂದು ಭವನದವರು ಹೇಳಿಬಿಟ್ಟಿದ್ದರು. ಕಾಕಾ ಕುರ್ಚಿ ಜೋಡಿಸಿದರು, ಬೈಬಲ್ ತೆರೆದಿಟ್ಟರು, ಕಾದರು. ಶುರುಮಾಡಿ ಎಂದರೆ ಒಲ್ಲರು. ಮಂದಿ ಬಂದಾಗಲೇ ಆರಾಧನೆಯ ಹೊತ್ತು, ಗಡಿಯಾರದ್ದಲ್ಲ. ನಾನು ಮಂದಿ ಅಲ್ಲವೇ? ಅಲ್ಲವಂತೆ! ಮನೆಯವರು ಲೆಕ್ಕಕ್ಕಿಲ್ಲ, ಹೊರಗಿನವರು ಒಬ್ಬರಾದರೂ ಬರಬೇಕು. ಮೂರು ವಾರ ನಾವಿಬ್ಬರೂ ಖಾಲಿ ಕುರ್ಚಿಗಳ ನಡುವೆ ಡಬ್ಬಿಯಲ್ಲಿ ತಂದ ಅವಲಕ್ಕಿ ತಿಂದು ಎದ್ದು ಬಂದೆವು.

ಆ ಮೂರನೇ ವಾರ, ಹೊರಡುವ ಮೊದಲು, ನಾನು ಡಬ್ಬಿ ತೊಳೆದು ಬರುವಷ್ಟರಲ್ಲಿ ಕೋಣೆ ತುಂಬ ಹೆಂಗಸರು! ಕಾಕಾನ ಮುಖ ಅರಳಿತ್ತು. ಮಲಾವಿಯಲ್ಲಿ ಜನ ಹೊಲದ ಕೆಲಸ ಮುಗಿಸಿ ಎರಡು ತಾಸು ತಡವಾಗಿ ಬರುವುದು ರೂಢಿ, ಇವರೂ ಹಾಗೆಯೇ ಬಂದರೆಂದು ತಿಳಿದು ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಶುರುಮಾಡಿಯೇಬಿಟ್ಟಿದ್ದರು. ಬಂದವರು ನಾಲ್ಕು ಗಂಟೆಗೆ ಅದೇ ಕೋಣೆಯಲ್ಲಿ ಕುಣಿದು ಮೈ ಇಳಿಸುವ ಜುಂಬಾ ಕ್ಲಾಸಿನವರು! ಪಾಪ, ಬಿಗಿ ಪ್ಯಾಂಟು ತೊಟ್ಟು, ನೀರಿನ ಬಾಟಲಿ ಹಿಡಿದು, ಮರ್ಯಾದೆಯಿಂದ ತಲೆ ಬಗ್ಗಿಸಿ ನಿಂತಿದ್ದರು. ಆಮೆನ್ ಆದ ಮೇಲೆ ಟೀಚರು ನಯವಾಗಿ ಕುರ್ಚಿ ತೆಗೆಯಬಹುದೇ ಎಂದು ಕೇಳಿದಳು. ಕಾಕಾ ಕ್ಷಮೆ ಕೇಳಿ, ತಾವೇ ಒಂದೊಂದಾಗಿ ಕುರ್ಚಿ ಎತ್ತಿ ಗೋಡೆಗಿಟ್ಟರು.

ಬಸ್ ಸ್ಟಾಪಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಗುತ್ತಲೇ ಮಲಾವಿಯ ತಮ್ಮ ಮೊದಲ ಹಳ್ಳಿಯ ಸುದ್ದಿ ತೆಗೆದರು. ಅಲ್ಲೂ ಒಂದಿಡೀ ಮಳೆಗಾಲ ಯಾರೂ ಬಂದಿರಲಿಲ್ಲವಂತೆ. ಆಗ ಕಾಕಿ ಭಾನುವಾರ ಹಿತ್ತಲಿನಿಂದ ಹೊರಬಿದ್ದು, ಜೋಳದ ಹೊಲ ಸುತ್ತು ಹಾಕಿ, ಬೇರೆ ಊರಿನಿಂದ ಬಂದವಳ ಹಾಗೆ ಮರದ ಕೆಳಗೆ ಬಂದು ಕೂರುತ್ತಿದ್ದಳಂತೆ. ಇವರು ಎದ್ದು ನಿಂತು ಸ್ವಾಗತಿಸಿ, ಅವಳೊಬ್ಬಳಿಗೇ ಪೂರ್ತಿ ಪ್ರಸಂಗ ಮಾಡುತ್ತಿದ್ದರಂತೆ.

"ಆಕಿ ಇದ್ಲಲ್ಲ, ಖಾಲಿ ಅನಸ್ತಿದ್ದಿಲ್ಲ," ಎಂದರು.

ಕೊನೆಯ ಭಾನುವಾರ. ಮೂರಾದರೂ ಯಾರೂ ಇಲ್ಲ. ಅವರು ಬೈಬಲ್ ಮುಚ್ಚಲು ಕೈ ಹಾಕಿದಾಗ ನಾನು ಪರ್ಸು ಎತ್ತಿಕೊಂಡು ಹೊರಗೆ ನಡೆದೆ. ಚಳಿಯಲ್ಲಿ ಭವನವನ್ನು ಒಂದು ಸುತ್ತು ಹಾಕಿ ಬಂದು, ಬಾಗಿಲಲ್ಲಿ ನಿಂತು ಕೇಳಿದೆ.

"ಇಲ್ಲಿ ಕನ್ನಡ ಪ್ರಾರ್ಥನೆ ನಡಿತದಂತ ಕೇಳಿದೆ. ನಾ ಒಳಗ ಬರಬಹುದೇನ್ರಿ?"

ಕಾಕಾ ನನ್ನನ್ನು ನೋಡಿದರು. ಆಮೇಲೆ ಎದ್ದು ಕೋಟಿನ ಗುಂಡಿ ಹಾಕಿಕೊಂಡು, ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲೇ ಕರೆದವರು, ಎರಡೂ ಕೈ ಮುಗಿದರು.

"ಬರ್ರಿ, ತಾಯಿ," ಎಂದರು. "ನಿಮ್ಮ ದಾರೀನ ಕಾಯಾಕತ್ತಿದ್ದೆ."